ಹಳೇ ಎಂಟಿ 180ಡಿ ತಗೊಂಡು ರೆಡಿ ಮಾಡಿ ಮಾರೋದು: ತೋಟದ ಮಿನಿ ಟ್ರ್ಯಾಕ್ಟರ್ ರಿವ್ಯೂ

ಹಳೇ ಮಿನಿ ಟ್ರ್ಯಾಕ್ಟರ್ ತಗೊಂಡು, ಕೆಲಸ ಮಾಡಿಸಿ ಮತ್ತೆ ಮಾರೋದಕ್ಕೆ ಯಾವ ಗಾಡಿ ಒಳ್ಳೇದು ಅಂತ ಯಾರೇ ಕೇಳಿದ್ರೂ ನಾನು ಮೊದ್ಲು ಹೇಳೋದು ಮಿತ್ಸುಬಿಶಿ ಶಕ್ತಿ ಎಂಟಿ 180ಡಿ ಅಂತಾನೇ. ಈಗಿನ ಗಾಡಿ ಮೇಲೆ ವಿಎಸ್‌ಟಿ ಶಕ್ತಿ ಅಂತ ಇರತ್ತೆ, ಹಳೇದರ ಮೇಲೆ ಮಿತ್ಸುಬಿಶಿ ಹೆಸರಿರತ್ತೆ, ಎರಡೂ ಒಂದೇ ಕಂಪನಿದು. ಇದು ಹೊಸ ಗಾಡಿ ರಿವ್ಯೂ ಅಲ್ಲ. ಹತ್ತು ಹನ್ನೆರಡು ವರ್ಷ ದುಡಿದು ಶೆಡ್ ಮೂಲೆ ಸೇರಿರೋ ಗಾಡಿ ತಗೊಂಡ್ರೆ ಅದ್ರಲ್ಲಿ ಏನು ಉಳಿದಿರತ್ತೆ, ಯಾವುದಕ್ಕೆ ದುಡ್ಡು ಹಾಕ್ಬೇಕು, ಯಾವುದಕ್ಕೆ ಹಾಕ್ಬಾರ್ದು, ಮಾರೋವಾಗ ತಗೊಳ್ಳೋರಿಗೆ ಏನೇನು ತೋರಿಸ್ಬೇಕು, ಇಷ್ಟರ ಬಗ್ಗೆ ಬರೀತಿದೀನಿ. ನಮ್ದು ಭದ್ರಾವತಿ ಚನ್ನಗಿರಿ ಕಡೆ, ಒಂದು ಕಡೆ ಅಡಿಕೆ ತೋಟ, ಇನ್ನೊಂದು ಕಡೆ ಭದ್ರಾ ನಾಲೆ ಗದ್ದೆ, ಹಂಗಾಗಿ ಮಿನಿ ಟ್ರ್ಯಾಕ್ಟರ್ ಕೊಡೋರೂ ಇಲ್ಲೇ ಸಿಗ್ತಾರೆ ತಗೊಳ್ಳೋರೂ ಇಲ್ಲೇ ಸಿಗ್ತಾರೆ.

ಗಾಡಿ ಬಗ್ಗೆ ಗೊತ್ತಿಲ್ದೇ ಇರೋರಿಗೆ ಸ್ವಲ್ಪ ಹೇಳಿಬಿಡ್ತೀನಿ. ವಿಎಸ್‌ಟಿ ಟಿಲ್ಲರ್ಸ್ ಟ್ರ್ಯಾಕ್ಟರ್ಸ್ ಬೆಂಗಳೂರಿನ ಕಂಪನಿ, 1967ರಲ್ಲಿ ಜಪಾನಿನ ಮಿತ್ಸುಬಿಶಿ ಜೊತೆ ಸೇರಿ ಶುರುವಾಗಿದ್ದು, ನಮ್ಮ ಅಪ್ಪಂದಿರ ಕಾಲದಿಂದ ಗದ್ದೇಲಿ ಓಡಾಡಿದ ಟಿಲ್ಲರ್ ಇವ್ರದ್ದೇ. 180ಡಿಗೆ ಮೂರು ಸಿಲಿಂಡರಿನ ಡೀಸೆಲ್ ಇಂಜಿನ್, ಸುಮಾರು 900 ಸಿಸಿ, 18.5 ಎಚ್‌ಪಿ, ಮುಂದಕ್ಕೆ 6 ಗೇರು ಹಿಂದಕ್ಕೆ 2, ತೂಕ ಆರೂವರೆ ಕ್ವಿಂಟಲ್ ಆಸುಪಾಸು, ಅಗಲ ಹೆಚ್ಚುಕಮ್ಮಿ ಮೂರೂವರೆ ಅಡಿ. ಅಡಿಕೆ ಗಿಡ ನೆಡೋದು ಒಂಬತ್ತಡಿಗೆ ಒಂಬತ್ತಡಿ ಅಂತರದಲ್ಲಿ, ಮಧ್ಯದಲ್ಲಿ ಬಾಳೆನೋ ಕೋಕೋನೋ ಇದ್ರೂ ಈ ಗಾಡಿ ಬುಡ ತಾಗದೇ ಹೋಗಿ ಬರತ್ತೆ. ದೊಡ್ಡ ಟ್ರ್ಯಾಕ್ಟರ್ ತೋಟಕ್ಕೆ ಇಳಿಸಿದ್ರೆ ಬೇರು ತುಳಿದು ಮಣ್ಣು ಗಟ್ಟಿಯಾಗತ್ತೆ ಅನ್ನೋದು ಎಲ್ರಿಗೂ ಗೊತ್ತಿರೋದೇ.

ಒಂದು ಮಾತು ಇಲ್ಲೇ ಹೇಳ್ಬೇಕು. ಸಾಗರ ಸಿರಸಿ ತೀರ್ಥಹಳ್ಳಿ ಕಡೆ ಕಣಿವೇಲಿರೋ ಹಳೇ ತೋಟಗಳಿಗೆ ಈ ಗಾಡಿ ಆಗಲ್ಲ. ಅಲ್ಲಿ ಸಾಲಿನ ಮಧ್ಯೆ ಬಸಿಗಾಲುವೆ ಇರತ್ತೆ, ಗಾಡಿ ಇಳಿಯೋಕೆ ಜಾಗನೇ ಇಲ್ಲ. ಇದಕ್ಕೆ ಗಿರಾಕಿ ಇರೋದು ಚನ್ನಗಿರಿ, ತರೀಕೆರೆ, ಕಡೂರು, ಹೊಳಲ್ಕೆರೆ, ತಿಪಟೂರು ಕಡೆ, ಸಮತಟ್ಟು ನೆಲದಲ್ಲಿ ಅಡಿಕೆ ತೆಂಗು ಹಾಕಿರೋರು. ರೆಡಿ ಮಾಡಿ ಮಾರೋರು ಗಿರಾಕಿ ಯಾರು ಅಂತ ಮೊದ್ಲೇ ತಿಳ್ಕೊಂಡು ಗಾಡಿ ತರ್ಬೇಕು.

ಈಗ ಮುಖ್ಯ ವಿಷ್ಯ. ಹಳೇ ಗಾಡಿ ನೋಡೋಕೆ ಹೋದಾಗ ಎಲ್ರೂ ಕೇಳೋದು ಎಷ್ಟು ವರ್ಷದ್ದು, ಎಷ್ಟು ಅವರ್ ಓಡಿದೆ ಅಂತ. ಅವರ್ ಮೀಟರ್ ಸುಮಾರು ಗಾಡೀಲಿ ಕೆಟ್ಟಿರತ್ತೆ, ಇಲ್ಲಾ ಬೇರೆ ಹಾಕಿರ್ತಾರೆ, ಅದನ್ನ ನಂಬೋಕಾಗಲ್ಲ. ನಾನು ಕೇಳೋದು ಎಲ್ಲಿ ದುಡಿದಿದೆ ಅಂತ. ಗದ್ದೆ ಗಾಡಿನಾ, ತೋಟದ ಗಾಡಿನಾ, ದ್ರಾಕ್ಷಿ ಗಾಡಿನಾ. ಇದೊಂದು ಗೊತ್ತಾದ್ರೆ ಖರ್ಚು ಎಲ್ಲಿ ಬರತ್ತೆ ಅನ್ನೋದು ಅರ್ಧ ಗೊತ್ತಾದ ಹಂಗೆ, ಓನರ್ ಹೇಳದೇ ಇದ್ರೂ ಗಾಡಿನೇ ಹೇಳತ್ತೆ.

ಗದ್ದೆ ಗಾಡಿ ಅಂದ್ರೆ ಕೇಜ್ ವೀಲ್ (ಕೆಸರಲ್ಲಿ ಓಡೋ ಕಬ್ಬಿಣದ ಚಕ್ರ) ಹಾಕಿ ಕೆಸರು ಹೊಡೆದಿರೋದು. ಬಗ್ಗಿ ಹಿಂದಿನ ಚಕ್ರದ ಒಳಭಾಗ ನೋಡಿ, ಆಕ್ಸಲ್ ಸೀಲ್ ಹತ್ರ ಒಣಗಿದ ಕೆಸರಿನ ಮೇಲೆ ಎಣ್ಣೆ ಇಳಿದು ಕರ್ರಗೆ ಮೆತ್ತಿಕೊಂಡಿರತ್ತೆ. ಸೀಲ್ ಹೋಗಿ ಒಳಗೆ ನೀರು ಸೇರಿದ್ರೆ ಬೇರಿಂಗ್ ಕೂಡ ಹೋಗಿರತ್ತೆ, ಚಕ್ರ ಜಾಕ್ ಮೇಲೆತ್ತಿ ಕೈಯಲ್ಲಿ ತಿರುಗ್ಸಿದ್ರೆ ಗರಗರ ಅನ್ನೋದು ಕೈಗೇ ಗೊತ್ತಾಗತ್ತೆ. ಬ್ರೇಕಿನ ಕಡೆಗೂ ಕೆಸರು ನುಗ್ಗಿರತ್ತೆ. ಕ್ಲಚ್ಚು ಸವೆದಿರತ್ತೆ ಯಾಕಂದ್ರೆ ಗದ್ದೆ ಚಿಕ್ಕದು, ಬದು ಹತ್ರ ಬಂದಾಗೆಲ್ಲಾ ಕ್ಲಚ್ ತುಳೀಬೇಕು. ಒಟ್ಟಲ್ಲಿ ನೀರು ಎಲ್ಲೆಲ್ಲಿ ಹೋಗ್ಬಹುದೋ ಅಲ್ಲೆಲ್ಲಾ ಹೋಗಿರತ್ತೆ ಅಂತ ಇಟ್ಕೊಂಡೇ ರೇಟು ಮಾತಾಡ್ಬೇಕು.

ದ್ರಾಕ್ಷಿ ಗಾಡಿ ಬೇರೆ ಥರ. ವಿಜಯಪುರದ ಕಡೆ ದ್ರಾಕ್ಷಿ ಪಡದಲ್ಲೂ ಚಿಕ್ಕಬಳ್ಳಾಪುರ ಕಡೆ ತೋಟದಲ್ಲೂ ಓಡಿರೋ ಗಾಡಿಗಳು ನಮ್ಮ ಕಡೆನೂ ಬರ್ತಾವೆ. ನೆಲದಲ್ಲಿ ಎಳೆದಿರೋದು ಕಮ್ಮಿ, ಹಿಂದೆ ಬ್ಲೋವರ್ ಕಟ್ಟಿ ಔಷಧಿ ಹೊಡೆದಿರೋದೇ ಜಾಸ್ತಿ. ಹಂಗಾಗಿ ಟೈರು ಚೆನ್ನಾಗಿರತ್ತೆ, ಕ್ಲಚ್ಚು ಪರವಾಗಿಲ್ಲ, ನೋಡಿದ ತಕ್ಷಣ ಭಾರೀ ಗಾಡಿ ಅನ್ಸತ್ತೆ. ಆದ್ರೆ ಪಿಟಿಒ, ಅಂದ್ರೆ ಹಿಂದೆ ಕಟ್ಟಿದ ಯಂತ್ರ ತಿರುಗ್ಸೋ ಶಾಫ್ಟು, ಗಂಟೆಗಟ್ಲೆ ತಿರುಗಿರತ್ತೆ, ಇಂಜಿನ್ ಫುಲ್ ರೇಸಲ್ಲೇ ಓಡಿರತ್ತೆ. ಪಿಟಿಒ ಶಾಫ್ಟ್ ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡ್ಸಿ, ಶಾಫ್ಟ್ ಮೇಲಿನ ಗೀರು ಹಲ್ಲು (ಸ್ಪ್ಲೈನ್) ಬೆರಳಲ್ಲಿ ಮುಟ್ಟಿ ನೋಡಿ, ಚೂಪಾಗಿದ್ರೆ ಸವೆದಿದೆ ಅಂತ. ಆಮೇಲೆ ಸೀಟ್ ಕೆಳಗಿನ ಮತ್ತೆ ಬ್ಯಾಟರಿ ಹತ್ರದ ವೈರ್ ಟರ್ಮಿನಲ್ ನೋಡಿ. ಮೈಲುತುತ್ತ ಸುಣ್ಣ ಕಲಸಿ ಹೊಡೆದಿರೋ ಬೋರ್ಡೋ ಬಿದ್ದೂ ಬಿದ್ದೂ ಅಲ್ಲೆಲ್ಲಾ ನೀಲಿ ಹಸಿರು ಬಣ್ಣದ ಪುಡಿ ಕಟ್ಟಿರತ್ತೆ, ಮಡ್‌ಗಾರ್ಡ್ ಒಳಗಿನ ತಗಡು ಬೆರಳಲ್ಲಿ ಒತ್ತಿದ್ರೆ ಉದುರತ್ತೆ. ಅಂಥ ಗಾಡಿಗೆ ವೈರಿಂಗ್ ಪೂರ್ತಿ ಹೊಸದು ಹಾಕ್ಸೋದೇ ಸರಿ, ಅಲ್ಲಲ್ಲಿ ಜಾಯಿಂಟ್ ಹಾಕಿ ಟೇಪ್ ಸುತ್ತಿದ್ರೆ ಮೊದಲ ಮಳೇಲೇ ಸ್ಟಾರ್ಟಿಂಗ್ ತೊಂದ್ರೆ ಶುರು.

ಅಡಿಕೆ ತೆಂಗಿನ ತೋಟದಲ್ಲಿ ರೋಟಾವೇಟರ್ (ಬ್ಲೇಡ್ ತಿರುಗಿ ಮಣ್ಣು ಪುಡಿ ಮಾಡೋ ಯಂತ್ರ) ಹೊಡ್ಕೊಂಡು, ಆಗೀಗ ಚಿಕ್ಕ ಟ್ರೇಲರಲ್ಲಿ ಗೊಬ್ರ ಹೊತ್ಕೊಂಡು ಇದ್ದ ಗಾಡಿ ಸಿಕ್ರೆ ಬಿಡ್ಬೇಡಿ. ಅದ್ರಲ್ಲೂ ಒಬ್ಬರೇ ಓಡಿಸಿರೋದಾದ್ರೆ ಇನ್ನೂ ಒಳ್ಳೇದು, ಬಾಡಿಗೆಗೆ ಬಿಟ್ಟಿದ್ದ ಗಾಡಿ ಬೇಡ. ಬಾಡಿಗೆ ಗಾಡಿ ಕಂಡುಹಿಡಿಯೋಕೆ ಟ್ರೇಲರ್ ಸಿಕ್ಕಿಸೋ ಹಿಂದಿನ ಡ್ರಾಬಾರ್ ತೂತು ನೋಡಿ, ಗುಂಡಗಿರೋ ತೂತು ಎಳೆದೂ ಎಳೆದೂ ಮೊಟ್ಟೆ ಆಕಾರಕ್ಕೆ ಬಂದಿರತ್ತೆ. ಕ್ಲಚ್ ಬ್ರೇಕ್ ಪೆಡಲಿನ ಗೀರು ಸವೆದು ನುಣ್ಣಗಾಗಿರತ್ತೆ, ಹಿಂದಿನ ಯಂತ್ರ ಎತ್ತೋ ಲಿಫ್ಟ್ ಆರ್ಮಿನ ಬಾಲ್ ಲೊಟಲೊಟ ಅಂತಿರತ್ತೆ. ಮೀಟರ್ ಏನೇ ತೋರಿಸ್ಲಿ ಇವು ಸುಳ್ಳು ಹೇಳಲ್ಲ.

ಇಂಜಿನ್ ವಿಷ್ಯಕ್ಕೆ ಬಂದ್ರೆ ಈ ಗಾಡಿಗೆ ನಾನು ಹೆಚ್ಚು ಮಾರ್ಕ್ಸ್ ಕೊಡೋದೇ ಇಲ್ಲಿ. ಮೂರು ಸಿಲಿಂಡರ್ ಆದ್ರಿಂದ ಅದುರು ಕಮ್ಮಿ, ಅದುರು ಕಮ್ಮಿ ಅಂದ್ರೆ ಬೋಲ್ಟ್ ಸಡಿಲ ಆಗೋದು, ಬ್ರಾಕೆಟ್ ಬಿರಿಯೋದು ಇವೂ ಕಮ್ಮಿ, ಆಯಿಲ್ ಫಿಲ್ಟರ್ ಟೈಮ್ ಟೈಮ್‌ಗೆ ಮಾಡಿದ್ರೆ ಬಹಳ ಕಾಲ ಒಳಗಡೆ ಕೈ ಹಾಕೋ ಕೆಲಸ ಬರಲ್ಲ. ನೋಡೋಕೆ ಹೋಗೋದಾದ್ರೆ ಬೆಳಿಗ್ಗೆನೇ ಹೋಗಿ, ಗಾಡಿ ಸ್ಟಾರ್ಟ್ ಮಾಡಿ ಇಡ್ಬೇಡಿ ಅಂತ ಮೊದ್ಲೇ ಫೋನ್ ಮಾಡಿ ಹೇಳಿ. ಬಾನೆಟ್ ಮುಟ್ಟಿ ತಣ್ಣಗಿದೆಯಾ ನೋಡ್ಕೊಂಡು, ಹೀಟರ್ ಕೊಟ್ಟು (ಅಂದ್ರೆ ಇಂಜಿನ್ ಒಳಗಿನ ಹೀಟರ್ ಪ್ಲಗ್ ಬಿಸಿ ಮಾಡಿ) ಸೆಲ್ಫ್ ಹೊಡೀರಿ. ಮೊದ್ಲು ಸ್ವಲ್ಪ ಬಿಳೀ ಹೊಗೆ ಬಂದು ಹೋದ್ರೆ ತೊಂದ್ರೆ ಇಲ್ಲ. ಬಿಳೀ ಹೊಗೆ ನಿಲ್ಲದೇ ಇದ್ರೆ ಹೀಟರ್ ಪ್ಲಗ್ಗೋ ಡೀಸೆಲ್ ಸಿಂಪಡಿಸೋ ನಾಝಲ್ಲೋ ಕಂಪ್ರೆಷನ್ನೋ ನೋಡ್ಬೇಕು, ನೀಲಿ ಹೊಗೆ ಬಂದ್ರೆ ಆಯಿಲ್ ಸುಡ್ತಿದೆ, ಲೋಡಿಲ್ದೇನೂ ಕಪ್ಪು ಹೊಗೆ ಬಂದ್ರೆ ಏರ್ ಕ್ಲೀನರ್ ಇಲ್ಲಾ ಪಂಪು. ಬಿಸಿಯಾದ ಮೇಲೆ ಇಂಜಿನ್ ಆಯಿಲ್ ಹಾಕೋ ಮುಚ್ಚಳ ಬಿಚ್ಚಿ ತೂತಿನ ಮೇಲೇನೇ ಮಗುಚಿ ಇಡಿ. ಸುಮ್ನೆ ನಡುಗ್ತಾ ಕೂತ್ರೆ ಸರಿ, ಕುಣಿದು ಕೆಳಗೆ ಬಿದ್ರೆ, ಹೊಗೆ ಭುಸಭುಸ ಅಂತ ಬಂದ್ರೆ ಪಿಸ್ಟನ್ ರಿಂಗು, ಬೋರು (ಸಿಲಿಂಡರಿನ ಒಳಗೋಡೆ) ಸವೆದಿದೆ. ಹಂಗೇ ರೇಡಿಯೇಟರ್ ಮುಚ್ಚಳ ತಣ್ಣಗಿದ್ದಾಗ ತೆಗೆದು ಸ್ಟಾರ್ಟ್ ಮಾಡಿ ನೋಡಿ, ನೀರಲ್ಲಿ ಗುಳ್ಳೆ ಬಿಡದೇ ಬರ್ತಾ ಇದ್ರೆ ಹೆಡ್ ಗ್ಯಾಸ್ಕೆಟ್.

ಬೋರ್ ಕೆಲಸ ಇರೋ ಗಾಡಿನ ಮಾರೋದಕ್ಕೆ ಅಂತ ತಗೊಳ್ಳೋದು ನನಗೆ ಸರಿ ಕಾಣಲ್ಲ, ರೇಟು ತೀರಾ ಇಳಿದ್ರೆ ಮಾತ್ರ. ಮಾಡಿಸೋದೇ ಆದ್ರೆ ಮೊದ್ಲು ಲೇತಲ್ಲಿ ಬೋರು ಕ್ರ್ಯಾಂಕು ಎರಡೂ ಅಳತೆ ಹಾಕ್ಸಿ, ಆ ಅಳತೆ ಕೈಗೆ ಬಂದ ಮೇಲೆ ಪಿಸ್ಟನ್ನು ಬೇರಿಂಗು ತಗೊಳ್ಳಿ. ಬರೀ ರಿಂಗ್ ಹಾಕಿ ಕೊಟ್ಬಿಡಿ ಅಂತ ಮಾಡಿಸೋರು ಇದಾರೆ, ಹೊಗೆ ಆ ಸೀಸನ್‌ಗೆ ನಿಲ್ಲತ್ತೆ, ಮುಂದಿನ ಸೀಸನ್ನಲ್ಲಿ ತಗೊಂಡವನು ಅಳ್ತಾನೆ. ಅಂಥ ಕೆಲಸ ಮಾಡಿ ಮಾರೋದು ತಪ್ಪು.

ಡೀಸೆಲ್ ಪಂಪಿಗೆ ಶೆಡ್ಡಲ್ಲೇ ಸ್ಕ್ರೂಡ್ರೈವರ್ ಹಾಕ್ಬೇಡಿ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸಾಗ್ಲಿ ನಿಮ್ಮ ಹತ್ರದ ಯಾವುದೇ ಊರಾಗ್ಲಿ, ಟೆಸ್ಟ್ ಬೆಂಚ್ ಇರೋ ಪಂಪ್ ಅಂಗಡಿಗೆ ಪಂಪು ನಾಝಲ್ಲು ಒಟ್ಟಿಗೇ ತಗೊಂಡು ಹೋಗಿ, ನಾಝಲ್ ಸ್ಪ್ರೇ ಆಗೋದನ್ನ ಕಣ್ಣಾರೆ ನೋಡಿ. ಮಂಜಿನ ಥರ ಹರಡಿದ್ರೆ ಸರಿ, ಪಿಚಕಾರಿ ಥರ ಗೆರೆ ಹೊಡೆದ್ರೆ ಇಲ್ಲಾ ತುದೀಲಿ ತೊಟ್ಟಿಕ್ಕಿದ್ರೆ ಹೋಗಿದೆ. ಸುಮಾರು ಕೇಸಲ್ಲಿ ಪಂಪಿನ ತಪ್ಪೇ ಇರಲ್ಲ, ಟ್ಯಾಂಕ್ ತಳದಲ್ಲಿ ನೀರು, ತುಕ್ಕು, ಗಸಿ ಕಟ್ಟಿ ಫಿಲ್ಟರ್ ಬ್ಲಾಕ್ ಆಗಿರತ್ತೆ. ವರ್ಷಗಟ್ಲೆ ನಿಂತ ಗಾಡಿಗೆ ಟ್ಯಾಂಕ್ ಇಳಿಸಿ ತೊಳೆದು ಒಣಗಿಸಿ, ಪೈಪು ಹೊಸದು ಹಾಕಿ, ಫಿಲ್ಟರ್ ಬದಲಾಯಿಸಿ ಏರ್ ತೆಗೆದ್ರೆ ಇಂಜಿನ್ನಿನ ಸದ್ದೇ ಬದಲಾಗತ್ತೆ. ಕಮ್ಮಿ ಖರ್ಚಲ್ಲಿ ಇಷ್ಟು ಫಲ ಕೊಡೋ ಕೆಲಸ ಈ ಗಾಡೀಲಿ ಇನ್ನೊಂದಿಲ್ಲ.

ಬಿಸಿ ಆಗತ್ತೆ ಅಂತ ಮಾರೋ ಗಾಡಿಗಳು ಬಹಳ. ರೇಡಿಯೇಟರ್ ಜಾಲರಿ ಮಧ್ಯೆ ಅಡಿಕೆ ಸಿಪ್ಪೆ ಪುಡಿ, ಹುಲ್ಲಿನ ಬೀಜ, ಎಣ್ಣೆ ಜಿಡ್ಡು ಸೇರಿ ಗೋಡೆ ಕಟ್ಟಿದ ಹಂಗಿರತ್ತೆ. ಫ್ಯಾನ್ ಕಡೆಯಿಂದ ಮುಂದಕ್ಕೆ ಗಾಳಿ ಹೊಡೀಬೇಕು, ಮುಂದಿನಿಂದ ಹೊಡೆದ್ರೆ ಕಸ ಇನ್ನೂ ಒಳಗೆ ಹೋಗತ್ತೆ. ಒಳಗಡೆ ಬೋರ್‌ವೆಲ್ ನೀರು ಹಾಕೀ ಹಾಕೀ ಉಪ್ಪು ಕಟ್ಟಿರತ್ತೆ, ಕೋರ್ ಕ್ಲೀನ್ ಮಾಡಿಸಿ ಕೂಲೆಂಟ್ ಹಾಕಿ. ಮತ್ತೊಂದು, ಬಿಸಿ ಆಗತ್ತೆ ಅಂತ ಕಂಪ್ಲೇಂಟ್ ಬಂದ ಕೂಡ್ಲೇ ಥರ್ಮೋಸ್ಟಾಟ್ (ಇಂಜಿನ್ ಬಿಸಿ ನೋಡಿ ರೇಡಿಯೇಟರಿಗೆ ನೀರು ಬಿಡೋ ವಾಲ್ವ್) ಕಿತ್ತು ಹಾಕೋ ಅಭ್ಯಾಸ ನಮ್ಮ ಕಡೆ ಇದೆ. ಅದು ಇಲ್ದೇ ಇದ್ರೆ ಇಂಜಿನ್ ತನ್ನ ಬಿಸಿಗೇ ಬರಲ್ಲ, ಡೀಸೆಲ್ ಸರಿಯಾಗಿ ಉರಿಯಲ್ಲ, ಬೋರ್ ಬೇಗ ಸವೆಯತ್ತೆ. ನಾನು ರೆಡಿ ಮಾಡೋ ಗಾಡಿಗೆ ಥರ್ಮೋಸ್ಟಾಟ್ ವಾಪಸ್ ಹಾಕ್ಸದೇ ಕೊಡಲ್ಲ.

ಹೈಡ್ರಾಲಿಕ್ ಚೆಕ್ ಮಾಡೋದು ಸುಲಭ. ರೋಟಾವೇಟರ್ ಪೂರ್ತಿ ಎತ್ತಿ, ಇಂಜಿನ್ ಆಫ್ ಮಾಡಿ, ಅದು ನೆಲದಿಂದ ಎಷ್ಟು ಎತ್ತರ ಇದೆ ಅಂತ ಕೋಲಲ್ಲಿ ಗುರುತು ಮಾಡ್ಕೊಂಡು ಟೀ ಕುಡಿದು ಬನ್ನಿ. ಬರೋ ಅಷ್ಟರಲ್ಲಿ ಸ್ವಲ್ಪ ಇಳಿದಿದ್ರೆ ಹಳೇ ಗಾಡಿಗೆ ಸಹಜ, ನೆಲಕ್ಕೇ ಕೂತಿದ್ರೆ ಒಳಗೆ ಓ ರಿಂಗೋ ವಾಲ್ವೋ ಹೋಗಿದೆ. ಎತ್ತಿರೋ ರೋಟಾವೇಟರ್ ಕೆಳಗೆ ಮಾತ್ರ ಕೈ ಕಾಲು ಯಾವುದೂ ಹಾಕ್ಬೇಡಿ, ಮಕ್ಕಳನ್ನ ದೂರ ಕಳಿಸಿ. ಆಯಿಲ್ ಕಡ್ಡಿ ತೆಗೆದು ನೋಡಿ, ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ರೆ ನೀರು ಸೇರಿದೆ. ಮಳೇಲಿ ಹೊರಗೆ ನಿಲ್ಸಿರೋ ಗಾಡೀಲಿ ಗೇರ್ ಲಿವರಿನ ರಬ್ಬರ್ ಹರಿದು ಅಲ್ಲಿಂದಾನೇ ನೀರು ಇಳಿದಿರತ್ತೆ, ಆ ರಬ್ಬರ್‌ಗೆ ಬೀಳೋ ದುಡ್ಡು ತೀರಾ ಕಮ್ಮಿ, ಅದನ್ನ ಹಾಕ್ಸದೇ ಬಿಟ್ಟು ಒಳಗಿನ ಬೇರಿಂಗ್ ಎಲ್ಲಾ ತುಕ್ಕು ಹಿಡಿಸಿರ್ತಾರೆ. ನೋಡಿದ್ರೆ ಹೊಟ್ಟೆ ಉರಿಯತ್ತೆ.

ಕ್ಲಚ್ ಬದಲಾಯಿಸೋಕೆ ಗಾಡಿನ ಮಧ್ಯಕ್ಕೆ ಎರಡು ತುಂಡು ಮಾಡ್ಬೇಕು. ಅಷ್ಟು ಬಿಚ್ಚಿದ ಮೇಲೆ ಬರೀ ಪ್ಲೇಟ್ ಹಾಕಿ ಮುಚ್ಚೋದು ಬೇಡ, ಪ್ರೆಶರ್ ಪ್ಲೇಟು, ರಿಲೀಸ್ ಬೇರಿಂಗು, ಫ್ಲೈವೀಲ್ ಒಳಗಿನ ಪೈಲಟ್ ಬೇರಿಂಗು, ಇಂಜಿನ್ ಹಿಂದಿನ ಆಯಿಲ್ ಸೀಲು ಎಲ್ಲಾ ಒಟ್ಟಿಗೇ ಮಾಡಿಬಿಡಿ. ಮತ್ತೆ ಬಿಚ್ಚೋ ಕೂಲಿಗಿಂತ ಈ ಪಾರ್ಟ್ಸ್ ಅಗ್ಗ. ಪಾರ್ಟ್ಸ್ ವಿಷ್ಯದಲ್ಲಿ ಈ ಗಾಡಿ ಸುಖ, ಕಂಪನಿ ಇಲ್ಲೇ ಇರೋದು, ಟಿಲ್ಲರ್ ಮಾರೋ ಅಂಗಡಿಯವರು ಸುಮಾರು ಐಟಂ ಇಟ್ಟಿರ್ತಾರೆ, ಇಲ್ಲಾಂದ್ರೆ ತರಿಸಿ ಕೊಡ್ತಾರೆ. ಸೀಲು, ಬೇರಿಂಗು, ಗ್ಯಾಸ್ಕೆಟ್ ಇವನ್ನ ಒರಿಜಿನಲ್ಲೇ ಹಾಕಿ. ಲೈಟು, ಸೀಟು, ಕನ್ನಡಿ ಇವಕ್ಕೆ ಲೋಕಲ್ ನಡೆಯತ್ತೆ.

4 ವೀಲ್ ಡ್ರೈವ್ ಗಾಡಿ ಸಿಕ್ರೆ ರೇಟು ಜಾಸ್ತಿ ಬರತ್ತೆ ನಿಜ, ಆದ್ರೆ ಟೈರ್ ವಿಷ್ಯದಲ್ಲಿ ಹುಷಾರು. ಮುಂದಿನ ಚಕ್ರ ಹಿಂದಿನದಕ್ಕಿಂತ ಒಂಚೂರು ಜೋರಾಗಿ ಎಳೀಬೇಕು ಅಂತ ಲೆಕ್ಕ ಹಾಕಿ ಗೇರ್ ಕೊಟ್ಟಿರ್ತಾರೆ. ಹಿಂದೆ ಹೊಸಾ ಟೈರು, ಮುಂದೆ ಬೋಳು ಟೈರು, ಅಥವಾ ಸಿಕ್ಕ ಸೈಜ್ ಹಾಕಿದ್ರೆ ಆ ಲೆಕ್ಕ ತಪ್ಪಿ ಮುಂದಿನ ಆಕ್ಸಲ್ ಗೇರಿಗೆ ಹೊಡೆತ. ಗಟ್ಟಿ ರೋಡಲ್ಲಿ 4 ವೀಲ್ ಹಾಕ್ಕೊಂಡೇ ಓಡಿಸಿರೋ ಗಾಡಿಗೂ ಅದೇ ಗತಿ. ಬಾಕಿ ಸಾದಾ 2 ವೀಲ್ ಗಾಡಿಗೆ ಹಿಂದೆ ರೀಸೋಲ್ ಮಾಡ್ಸಿದ (ಹಳೇದಕ್ಕೆ ಹೊಸ ರಬ್ಬರ್ ಕೂರಿಸಿದ) ಟೈರ್ ಹಾಕಿ ಕೊಟ್ರೆ ತಪ್ಪೇನಿಲ್ಲ, ತಗೊಳ್ಳೋರಿಗೆ ರೀಸೋಲ್ ಅಂತ ಬಾಯ್ಬಿಟ್ಟು ಹೇಳ್ಬೇಕು ಅಷ್ಟೇ. ಹಗುರ ಗಾಡಿ, ಹಿಂದೆ ಭಾರದ ಸಾಮಾನು ಎತ್ತಿದ್ರೆ ಮೂತಿ ಮೇಲೇಳತ್ತೆ, ಮುಂದಿನ ವೆಯ್ಟ್ ಇದ್ರೆ ಗಾಡಿ ಜೊತೆಗೇ ಕೊಡಿ.

ಬ್ರೇಕ್ ಮತ್ತೆ ಪಿಟಿಒ ಕವರ್ ಬಗ್ಗೆ ನಾನು ಯಾರ ಮಾತೂ ಕೇಳಲ್ಲ. ಎಡ ಬಲ ಎರಡೂ ಬ್ರೇಕ್ ಒಂದೇ ಸಮ ಹಿಡೀಬೇಕು, ಎರಡೂ ಪೆಡಲ್ ಸೇರ್ಸೋ ಕೊಂಡಿ ಇರ್ಬೇಕು. ತೋಟದಲ್ಲಿ ತಿರುಗ್ಸೋಕೆ ಒಂದೇ ಕಡೆ ಬ್ರೇಕ್ ಹೊಡೆಯೋದ್ರಿಂದ ಒಂದು ಕಡೆ ಜಾಸ್ತಿ ಸವೆದಿರತ್ತೆ, ಹಂಗೇ ರೋಡಿಗೆ ಬಂದು ಸ್ಪೀಡಲ್ಲಿ ಬ್ರೇಕ್ ಹಿಡಿದ್ರೆ ಗಾಡಿ ಎಳೆದು ಮಗುಚತ್ತೆ. ಪಿಟಿಒ ಶಾಫ್ಟ್ ಕವರ್ ಇಲ್ದೇ ಇರೋ ಗಾಡಿಗಳೇ ಜಾಸ್ತಿ, ಪಂಚೆನೋ ಸೀರೆ ಸೆರಗೋ ಸಿಕ್ಕಿದ್ರೆ ಬಿಡಿಸ್ಕೊಳ್ಳೋಕೆ ಟೈಮೇ ಕೊಡಲ್ಲ. ತೋಟದಲ್ಲಿ ಮನೆಯವರು, ಹೆಣ್ಮಕ್ಕಳು, ಆಳುಗಳು ಎಲ್ರೂ ಓಡಾಡ್ತಿರ್ತಾರೆ. ಪೇಂಟಿಗೆ ಇಡೋ ದುಡ್ಡಲ್ಲಿ ಒಂದು ಭಾಗದಲ್ಲಿ ಕವರ್ ಬರತ್ತೆ.

ಪೇಂಟ್ ಅಂದ್ನಲ್ಲ, ನನ್ನ ಗಟ್ಟಿ ಅಭಿಪ್ರಾಯ ಇಲ್ಲೇ ಇರೋದು. ಮಾರೋಕೆ ಅಂತ ರೆಡಿ ಮಾಡೋ ಗಾಡಿಗೆ ಪೇಂಟ್ ಹೊಡೀಬೇಡಿ. ಹಳೇ ಗಾಡಿ ಮಾರೋ ಸುಮಾರು ಜನ ಮೊದ್ಲು ಮಾಡೋ ಕೆಲಸಾನೇ ಇದು, ಪ್ರೆಶರ್ ವಾಶ್, ಮೇಲೆ ಕಂಪ್ರೆಸರ್ ಪೇಂಟು, ಹೊಸಾ ಸ್ಟಿಕ್ಕರು, ಟೈರಿಗೆ ಕಪ್ಪು ಪಾಲಿಶು. ಫೋಟೋದಲ್ಲಿ ಶೋರೂಮ್ ಗಾಡಿ ಥರ ಕಾಣತ್ತೆ, ತಗೊಳ್ಳೋ ರೈತನಿಗೆ ಏನೂ ಕಾಣಲ್ಲ. ಹೌಸಿಂಗ್ ಬಿರುಕು ಬಿಟ್ಟು ವೆಲ್ಡಿಂಗ್ ಮಾಡಿದ್ದು, ಗ್ಯಾಸ್ಕೆಟ್ ಹತ್ರ ಎಣ್ಣೆ ಜಿನುಗೋದು, ಯಾವ ಬೋಲ್ಟ್ ಯಾವಾಗ ಬಿಚ್ಚಿದ್ರು ಅನ್ನೋದು, ಎಲ್ಲಾ ಪೇಂಟ್ ಅಡೀಗೆ ಹೋಗತ್ತೆ. ಬೋಲ್ಟ್ ತಲೆ ಮೇಲೆ ಕೂಡ ಪೇಂಟ್ ಬಿದ್ದಿರೋ ಗಾಡಿ ಕಂಡ್ರೆ ನಾನು ಮೊದ್ಲು ಅನುಮಾನ ಪಡೋದು. ಹಳೇ ಬಣ್ಣ ಮಾಸಿರ್ಲಿ, ಗೀರಿರ್ಲಿ, ಅದು ಗಾಡಿದು ಹೆಲ್ತ್ ಕಾರ್ಡ್. ಚೆನ್ನಾಗಿ ತೊಳೆದು, ಜಿಡ್ಡು ತೆಗೆದು, ತುಕ್ಕು ಹಿಡಿದಿರೋ ತಗಡಿಗೆ ಮಾತ್ರ ಪ್ರೈಮರ್ ಹಚ್ಚಿ ಹಂಗೇ ಬಿಡಿ. ತೊಳೆದ ಮೇಲೆ ಒಂದೆರಡು ದಿನ ಕೆಲಸಕ್ಕೆ ಹಾಕಿ, ಎಲ್ಲಿ ಎಣ್ಣೆ ಬರ್ತಿದೆ ಅಂತ ಗೊತ್ತಾಗತ್ತೆ, ಅದನ್ನ ಸರಿ ಮಾಡಿ, ಆಮೇಲೆ ಗಿರಾಕಿ ಕರೀರಿ.

ಪೇಂಟ್ ಇಲ್ದೇ ಇದ್ರೆ ರೇಟ್ ಬರಲ್ಲ ಅಂತಾರೆ. ಫೋಟೋ ನೋಡಿ ಫೋನ್ ಮಾಡೋರು ಕಮ್ಮಿ ಆಗ್ತಾರೆ, ಅದು ನಿಜ. ಆದ್ರೆ ಬಂದು ನೋಡೋರು ತಗೊಳ್ಳೋಕೆ ಅಂತಾನೇ ಬರ್ತಾರೆ, ಜೊತೆಗೆ ಮೆಕ್ಯಾನಿಕ್ ಕರ್ಕೊಂಡು ಬರ್ತಾರೆ. ಅವ್ರ ಮುಂದೆ ಹಳೇ ಕ್ಲಚ್ ಪ್ಲೇಟು, ಹಳೇ ಸೀಲು, ಹಳೇ ಬೇರಿಂಗ್ ಎಲ್ಲಾ ಒಂದು ಚೀಲದಲ್ಲಿ ಹಾಕಿ ಇಟ್ಟು, ಪಾರ್ಟ್ಸ್ ಬಿಲ್ಲು ತೋರಿಸಿದ್ರೆ ಚೌಕಾಸಿ ತಾನಾಗೇ ಕಮ್ಮಿ ಆಗತ್ತೆ. ಇವ್ರೆಲ್ಲಾ ಎರಡು ಮೂರು ಎಕರೆ ತೋಟದವರು, ಮನೆ ಬಂಗಾರ ಅಡ ಇಟ್ಟೋ ಸೊಸೈಟಿ ಸಾಲ ಮಾಡಿಯೋ ಬಂದಿರ್ತಾರೆ. ಆ ದುಡ್ಡಿಗೆ ತಕ್ಕ ಗಾಡಿ ಕೊಡೋದು ನಮ್ಮ ಕೆಲಸ.

ರೇಟಿನ ಲೆಕ್ಕ ಈಗ ಮೊದಲಿನಂಗಿಲ್ಲ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ 12 ಪರ್ಸೆಂಟಿಂದ 5ಕ್ಕೆ ಇಳೀತು, ಟ್ರ್ಯಾಕ್ಟರ್ ಟೈರು ಟ್ಯೂಬು ಮತ್ತೆ ಬಹಳಷ್ಟು ಪಾರ್ಟ್ಸ್ 18ರಿಂದ 5ಕ್ಕೆ ಬಂತು. ಪಾರ್ಟ್ಸ್ ಅಗ್ಗ ಆಗಿದ್ದು ರೆಡಿ ಮಾಡೋರಿಗೆ ಒಳ್ಳೇದೇ, ಆದ್ರೆ ಹೊಸಾ ಗಾಡಿ ರೇಟೇ ಇಳಿದ ಮೇಲೆ ಹಳೇದಕ್ಕೆ ಮೊದಲಿನ ರೇಟ್ ಯಾರು ಕೊಡ್ತಾರೆ. ನಾನಂತೂ ಗಾಡಿ ತಂದ ರೇಟು, ರಿಪೇರಿ, ಸಾಗಾಣಿಕೆ, ಪೇಪರ್ ಖರ್ಚು, ನಮ್ಮ ಲಾಭ ಎಲ್ಲಾ ಸೇರಿ ಹೊಸಾ ಗಾಡಿ ರೇಟಿನ ನೂರಕ್ಕೆ ಅರವತ್ತು ದಾಟೋ ಹಾಗಿದ್ರೆ ಕೈ ಹಾಕಲ್ಲ. ಅದಕ್ಕಿಂತ ಮೇಲೆ ಹೋದ್ರೆ ತಗೊಳ್ಳೋರು ಸಾಲ ಸಬ್ಸಿಡಿ ಅಂತ ಹೊಸದಕ್ಕೇ ಹೋಗ್ತಾರೆ, ಹೋಗೋದೂ ಸರಿ.

ಬೇರೆ ಗಾಡಿ ಬಗ್ಗೆನೂ ಕೇಳ್ತಾರೆ. ಮಹೀಂದ್ರ ಯುವರಾಜ್ 215, ಸ್ವರಾಜ್ 717 ಎರಡೂ 15 ಎಚ್‌ಪಿ ಸಿಂಗಲ್ ಸಿಲಿಂಡರ್. ಕೆಲಸ ಸರಳ, ಹಳ್ಳಿ ಮೆಕ್ಯಾನಿಕ್ಕೂ ಮಾಡ್ತಾನೆ, ಗೊಬ್ರ ಸಾಗ್ಸೋಕೆ ಔಷಧಿ ಹೊಡೆಯೋಕೆ ಸಾಕು, ಇಂಜಿನ್ ಬಡಿತ ಸಿಂಗಲ್ ಸಿಲಿಂಡರ್ ಬಡಿತಾನೇ. ಕುಬೋಟ ನಿಯೋಸ್ಟಾರ್ ಬಿ2441 24 ಎಚ್‌ಪಿ, 4 ವೀಲ್, ಬಹಳ ಒಳ್ಳೇ ಗಾಡಿ, ಆದ್ರೆ ಹಳೇದನ್ನ ಬಿಡೋರು ಕಮ್ಮಿ, ಬಿಟ್ರೂ ನಮ್ಮ ಲೆಕ್ಕಕ್ಕೆ ಬರೋ ರೇಟಿಗೆ ಬಿಡಲ್ಲ.

ಪೇಪರ್ ಸರಿ ಇಲ್ದೇ ಇದ್ರೆ ಗಾಡಿ ಎಷ್ಟೇ ಚೆನ್ನಾಗಿದ್ರೂ ತರ್ಬೇಡಿ. ಸುಮಾರು ಹಳೇ ಟ್ರ್ಯಾಕ್ಟರ್ ಅಜ್ಜನ ಹೆಸರಲ್ಲೋ ತೀರಿಕೊಂಡಿರೋ ಅಪ್ಪನ ಹೆಸರಲ್ಲೋ ಇರತ್ತೆ, ಆಗ ಮೊದ್ಲು ಆರ್‌ಟಿಒದಲ್ಲಿ ಫಾರಂ 31 ಹಾಕಿ ವಾರಸುದಾರರ ಹೆಸರಿಗೆ ಆಗ್ಬೇಕು, ಆಮೇಲೇ ಮಾರೋ ಮಾತು. ಅಣ್ಣ ತಮ್ಮಂದಿರು ಎಲ್ರೂ ಒಪ್ಪಿದಾರಾ ಅಂತ ಎದುರು ಕೂತು ಕೇಳಿ. ಬ್ಯಾಂಕ್ ಸಾಲ ಆರ್‌ಸಿ ಮೇಲೆ ಹಂಗೇ ಇದ್ರೆ ಸಾಲ ತೀರಿದ್ರೂ ಸಾಲದು, ಬ್ಯಾಂಕಿಂದ ಎನ್‌ಒಸಿ ಮತ್ತೆ ಫಾರಂ 35 ಬೇಕು. ಮಾಮೂಲಿ ವರ್ಗಾವಣೆಗೆ ಫಾರಂ 29, 30. ರಿಜಿಸ್ಟ್ರೇಷನ್ ಆಗಿ 15 ವರ್ಷ ಆಗಿದ್ರೆ ಫಾರಂ 25ರಲ್ಲಿ ರಿನೀವಲ್, ಆ ಖರ್ಚು ಓಡಾಟ ಯಾರದ್ದು ಅಂತ ಅಡ್ವಾನ್ಸ್ ಕೊಡೋಕೆ ಮುಂಚೆ ಮಾತಾಡಿ. ಚಾಸಿಸ್ ನಂಬರ್ ಮೇಲಿನ ಜಿಡ್ಡು ಒರೆಸಿ, ಮೇಲೆ ಪೇಪರ್ ಇಟ್ಟು ಪೆನ್ಸಿಲಲ್ಲಿ ಉಜ್ಜಿ, ಬಂದ ನಂಬರ್ ಆರ್‌ಸಿ ಜೊತೆ ಒಂದೊಂದೇ ಅಕ್ಷರ ತಾಳೆ ನೋಡಿ. ಸಬ್ಸಿಡೀಲಿ ತಗೊಂಡ ಗಾಡಿ ಆದ್ರೆ ಮಾರೋಕೆ ಅಡ್ಡಿ ಇದೆಯಾ ಅಂತ ರೈತ ಸಂಪರ್ಕ ಕೇಂದ್ರದಲ್ಲೇ ಕೇಳಿ, ಓನರ್ ಬಾಯಿ ಮಾತು ಸಾಲಲ್ಲ. ಮಾರಿದ ಮೇಲೆ ಆರ್‌ಸಿ ನಿಮ್ಮ ಹೆಸರಿಂದ ಹೋಗೋವರೆಗೂ ಬೆನ್ನು ಬಿಡ್ಬೇಡಿ, ಗಾಡಿ ಎಲ್ಲೋ ಆಕ್ಸಿಡೆಂಟ್ ಆದ್ರೆ ಮೊದಲ ಫೋನು ಬರೋದು ಆರ್‌ಸಿ ಓನರ್‌ಗೆ.

ಒಂದು ಮುಖ್ಯ ಕೆಲಸ ಬಾಕಿ. ಗಾಡಿನ ನಮ್ಮ ಅಂಗಳದಲ್ಲಿ ಸ್ಟಾರ್ಟ್ ಮಾಡಿ ತೋರಿಸಿ ದುಡ್ಡು ಎಣಿಸ್ಕೊಳ್ಳೋದು ಬೇಡ. ತಗೊಳ್ಳೋರ ತೋಟಕ್ಕೇ ತಗೊಂಡು ಹೋಗಿ, ಅವ್ರ ರೋಟಾವೇಟರ್ ಕಟ್ಟಿ, ಅವ್ರ ಕೈಲೇ ಹೊಡೆಸಿ. ಒಂದು ಗಂಟೆ ಎಳೆದ ಮೇಲೆ ಟೆಂಪರೇಚರ್ ಮುಳ್ಳು ಎಲ್ಲಿದೆ, ಲಿಫ್ಟ್ ಬಿಸೀಲೂ ಹಿಡೀತಿದೆಯಾ, ಕ್ಲಚ್ ವಾಸನೆ ಬರ್ತಿದೆಯಾ ಅಂತ ಅವ್ರೇ ನೋಡ್ಲಿ. ಇಂಜಿನ್ ಆಯಿಲ್ 15ಡಬ್ಲ್ಯೂ-40 ಯಾವತ್ತು ಹಾಕಿದ್ದು, ಮುಂದಿನದು ಯಾವಾಗ, ಗ್ರೀಸ್ ಹೊಡೆಯೋ ಜಾಗ ಯಾವ್ಯಾವುದು ಅಂತ ಒಂದು ಹಾಳೇಲಿ ಬರೆದು ಬಾನೆಟ್ ಒಳಗಡೆ ಅಂಟಿಸಿ ಕೊಡಿ. ರೋಟಾವೇಟರ್ ಕೂಡ ನೀವೇ ಕೊಡೋದಾದ್ರೆ ಬ್ಲೇಡ್ ಹೊಸದು ಹಾಕಿ, ಎಡದ್ದು ಬಲದ್ದು ಸರಿಯಾಗಿ ಕೂತಿದೆಯಾ ನೋಡಿ, ಚೈನ್ ಕೇಸಿನ ಎಣ್ಣೆ ತುಂಬಿ ಕೊಡಿ, ಗಾಡಿ ಪೂರ್ತಿ ರೆಡಿ ಮಾಡಿ ರೋಟಾವೇಟರ್ ಹಂಗೇ ಕೊಟ್ರೆ ಅದು ಅದುರಿ ಅದುರಿ ಹೊಸಾ ಪಿಟಿಒ ಬೇರಿಂಗನ್ನೂ ತಿಂದು ಹಾಕತ್ತೆ.